ಮೀಸಿ ಹೊರಗ, ಮಾರಿ ಒಳಗ

ಮದುವೆ ಶೂಟಿಂಗಿಗೆಂದು ಬನಹಟ್ಟಿ, ಲೋಕಾಪುರ ತಿರುಗುವ ನನಗೆ ಇಂದಿಗೂ ಒಂದಿಲ್ಲೊಂದು ಫಜೀತಿ ತಪ್ಪಿಲ್ಲ. ಮೊನ್ನೆ ಒಂದು ಶಾಟಿನಲ್ಲಿ ಮದುಮಗನ ಬಾಸಿಂಗ ಬಲಕ್ಕೆ ವಾಲಿತ್ತು, ಮುಂದಿನದರಲ್ಲಿ ಎಡಕ್ಕೆ. ಅಂಥದ್ದು ಕಂಡಾಗೆಲ್ಲ ಜಮಖಂಡಿಯ ಕಾಲೇಜು ನೆನಪಾಗಿ, ಎಡಿಟಿಂಗ್ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ.

ಅಲ್ಲಿ ನಾವು ಮೂವರು ಸೇರಿ ಪರೀಕ್ಷೆಗೆಂದು ಒಂದು ಸಣ್ಣ ವಿಡಿಯೋ ಮಾಡಬೇಕಿತ್ತು. ಕ್ಯಾಮರಾ, ಎಡಿಟಿಂಗ್ ನನ್ನದು. ಗೆಳೆಯ ಹೀರೋ. ದಿನಾ ಮುಧೋಳದಿಂದ ಬಸ್ಸಿಗೆ ಬರುತ್ತಿದ್ದ ಸಹಪಾಠಿ ಹೀರೋಯಿನ್. ಊರು ಬಿಟ್ಟ ಹುಡುಗ ಮರಳಿ ಬಂದು ಹಳೆಯ ಗೆಳತಿಯನ್ನು ಕಾಣುತ್ತಾನೆ, ಕಥೆ ಇಷ್ಟೇ.

"ಬ್ಯಾರೆ ಬ್ಯಾರೆ ದಿನಾ ತಗೀರಿ, ಆದ್ರ ಒಂದ ದಿನಾ ನಡದಂಗ ಕಾಣಬೇಕು. ಅದಕ್ಕ ಕಂಟಿನ್ಯೂಟಿ ಅಂತಾರ" ಅಂದಿದ್ದರು ನಮ್ಮ ಸರ್.

ಮೀಸೆ

ಹೀರೋ ಬಾಗಿಲು ನೂಕುವುದನ್ನು ಶನಿವಾರ ತೆಗೆದೆವು, ಒಳಗೆ ಕಾಲಿಡುವುದನ್ನು ಸೋಮವಾರ. ನಡುವೆ ರವಿವಾರ ಅವನು ಮೀಸೆ ಬೋಳಿಸಿಕೊಂಡಿದ್ದ. "ಮೀಸಿ ಯಾರ್ ನೋಡ್ತಾರ, ತಗಿಲೇ" ಅಂದ. ತೆಗೆದೆ.

ಸರ್ ಟಿವಿ ನಿಲ್ಲಿಸಿ ಕೇಳಿದರು, "ಹೊಸ್ತಲಾ ದಾಟೂದ್ರಾಗ ಮೀಸಿ ಎಲ್ಲಿ ಹೋತೋ?"

"ಚಪ್ಪಲಿ ಜೋಡಿ ಅದನ್ನೂ ಹೊರಗ ಬಿಟ್ಟೇನ್ರೀ ಸರ್" ಅಂದ ಹೀರೋ.

ರೊಟ್ಟಿ

ಊಟದ ದೃಶ್ಯ ಹುನ್ನೂರಿನ ನಮ್ಮ ಸೋದರತ್ತೆಯ ಮನೆಯಲ್ಲಿ. ಮೊದಲು ದೂರದಿಂದ ತೆಗೆದೆ. ಹೀರೋ ಅರ್ಧ ರೊಟ್ಟಿ ತಿಂದ. ನಾನು ಕ್ಯಾಮರಾ ಹತ್ತಿರ ತರುವಷ್ಟರಲ್ಲಿ ಅತ್ತಿ ಗಂಗಾಳಕ್ಕೆ ಎರಡು ಬಿಸಿರೊಟ್ಟಿ ಹಾಕಿದ್ದಳು. ಜೋಡಿಸಿ ನೋಡಿದರೆ, ಅವನು ತಿಂದಂತೆಲ್ಲ ರೊಟ್ಟಿ ಬೆಳೆಯುತ್ತಿದೆ!

"ಅತ್ತಿ, ಅರ್ಧಾ ರೊಟ್ಟಿನ ಇರಬೇಕಿತ್ತು" ಅಂದೆ.

"ನಮ್ಮ ಮನ್ಯಾಗಿನ ಗಂಗಾಳ ಟಿವ್ಯಾಗ ಖಾಲಿ ತೋರ್ಸಿ, ನನ್ನ ಮಾನಾ ಕಳೀಬೇಕಂದಿ ಏನಲೇ?"

ಬ್ಯಾರೇಜು

ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ಅವನು ಈ ದಂಡೆಯಿಂದ, ಅವಳು ಆ ದಂಡೆಯಿಂದ ನಡೆದು ಬರಬೇಕು. ಬಿಸಿಲು ಕಣ್ಣಿಗೆ ಹೊಡೆಯಿತೆಂದು ಅವಳ ಶಾಟಿಗೆ ನಾನು ರಸ್ತೆಯ ಎದುರು ಮಗ್ಗುಲಿಗೆ ಹೋಗಿ ನಿಂತೆ. ಟಿವಿಯಲ್ಲಿ ಇಬ್ಬರೂ ಎಡದಿಂದ ಬಲಕ್ಕೇ ಹೊರಟಿದ್ದಾರೆ.

ಅವಳು ನೋಡಿ ಅಂದಳು, "ಇವ ನನ್ನ ಭೇಟಿಗೆ ಬಂದಾನೋ, ನನ್ನ ಬೆನ್ನ ಹತ್ಯಾನೋ?"

ಸರ್ ಬೈದು ಮತ್ತೊಮ್ಮೆ ಕಳಿಸಿದರು. ತುಂಬಿದ ಕೃಷ್ಣೆ, ಸಂಜೆಗಾಳಿ, ಪೊಟ್ಟಣದ ಶೇಂಗಾ, ಅವಳ ನಿಲ್ಲದ ಮಾತು. ಈ ಸಲವೂ ಏನಾದರೂ ತಪ್ಪಲಿ ಅಂತ ನನ್ನ ಮನಸ್ಸಿನಲ್ಲಿತ್ತು. ಹಾಳಾದದ್ದು, ಸರಿಯಾಗಿಯೇ ಬಂತು.

ನಗೆ

ಹೀರೋನನ್ನು ಕಂಡು ಅವಳು ನಗುವ ಕ್ಲೋಸಪ್ಪು ಕೊನೆಯದು. ಅಂದು ಹೀರೋ ಬೀಳಗಿಗೆ ನೆಂಟರ ನಿಶ್ಚಯ ಕಾರ್ಯಕ್ಕೆ ಹೋಗಿದ್ದ. ಅವಳ ದೃಷ್ಟಿ ಸರಿಯಾದ ಕಡೆ ಬೀಳಲೆಂದು, ಸ್ಟ್ಯಾಂಡಿಗೆ ಕ್ಯಾಮರಾ ಹಾಕಿ, ಅವನು ನಿಲ್ಲಬೇಕಾದಲ್ಲಿ ನಾನೇ ನಿಂತೆ. ಅವಳು ನನ್ನ ನೋಡಿದಳು. ನಕ್ಕಳು. ನಾನು ಕಟ್ ಅನ್ನುವುದನ್ನೇ ಮರೆತೆ.

ಆಮೇಲೆ ಆ ನಗೆಯ ಬೆನ್ನಿಗೆ ಹೀರೋನ ಮುಖ ಅಂಟಿಸಿದೆ. ಪ್ರದರ್ಶನದ ದಿನ ಹುಡುಗರು ಸೀಟಿ ಹೊಡೆದರು. "ಛಲೋ ಆಗೇತಿ" ಅಂದರು ಸರ್.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೇಳಿದಳು, "ನಾ ಅವತ್ತ ನಕ್ಕಾಗ ಅವ ಅಲ್ಲಿ ಇರ್ಲೇ ಇಲ್ಲಲ್ಲ?"

"ಇಲ್ಲ. ನಾ ಇದ್ದೆ."

"ಮತ್ತ ಆ ನಗಿ ಒಯ್ದು ಅವಗ್ಯಾಕ ಕೊಟ್ಟಿ?"

ಹೇಳಲು ಎಷ್ಟೋ ಇತ್ತು. ಬಾಯಿಂದ ಬಂದದ್ದು ಮಾತ್ರ, "ಕಂಟಿನ್ಯೂಟಿ ಸಂಬಂಧ."

ಮುಧೋಳದ ಬಸ್ಸು ಬಂತು. ಮೆಟ್ಟಿಲು ಹತ್ತುತ್ತ ಅಂದಳು:

"ನೀ ಪರೀಕ್ಷಾದಾಗ ಪಾಸ್ ಆಗ್ತಿ ತಗೋ. ಅದ್ರಾಗ ಅಷ್ಟ!"