ಚಿಂಚೋಳಿಗೊಂದು ಸುರಂಗ

ನನಗೊಂದು ದುರಭ್ಯಾಸವಿದೆ. ಯಾವುದೇ ಯಂತ್ರ ಕೆಟ್ಟರೂ ಅದು ಯಾವ ಕೆಲಸಕ್ಕಾಗಿ ಮನೆಗೆ ಬಂದಿತ್ತು ಎಂಬುದನ್ನು ಆ ಕ್ಷಣವೇ ಮರೆತುಬಿಡುತ್ತೇನೆ. ಮಿಕ್ಸರ್ ಕೆಟ್ಟರೆ ಚಟ್ನಿ ಮರೆತುಹೋಗುತ್ತದೆ. ಫ್ಯಾನು ಕೆಟ್ಟರೆ ಸೇಡಂನ ಮೇ ತಿಂಗಳೇ ಮರೆತುಹೋಗಿ, ಬೆವರು ಒರೆಸಿಕೊಳ್ಳುತ್ತ ಸ್ಕ್ರೂಡ್ರೈವರ್ ಹಿಡಿದು ಸಂಜೆಯವರೆಗೆ ಸುಖವಾಗಿ ಕುಳಿತಿರುತ್ತೇನೆ. ನನ್ನ ಹೆಂಡತಿ ವೈಜಯಂತಿ ಇದನ್ನು ರೋಗ ಎನ್ನುತ್ತಾಳೆ. ನಾನು ಹವ್ಯಾಸ ಎನ್ನುತ್ತೇನೆ. ಹವ್ಯಾಸ ಎನ್ನಲು ನನ್ನ ಹತ್ತಿರ ಸರ್ಕಾರ ಕೊಟ್ಟ ಪರವಾನಗಿಯೇ ಇದೆ. ನಾನು ಹವ್ಯಾಸಿ ರೇಡಿಯೋದವನು. ರೋಗ ಎನ್ನಲು ಅವಳ ಹತ್ತಿರ ಇರುವುದು ಒಂದು ಭಾನುವಾರ ಮಾತ್ರ. ಆದರೆ ಆ ಒಂದು ಭಾನುವಾರದ ಮುಂದೆ ನನ್ನ ಪರವಾನಗಿ ನಿಲ್ಲುವುದಿಲ್ಲ.

ಆಗ ನಾನು ಸೇಡಂನ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದೆ. ಮನೆಯ ಮಾಳಿಗೆಯ ಮೇಲೆ ಆಂಟೆನಾ, ಕೆಳಗೆ ಕೋಣೆಯಲ್ಲಿ ರೇಡಿಯೋ, ಅದಕ್ಕೆ ಜೋಡಿಸಿದ ಒಂದು ಹಳೆಯ ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಬರೆದದ್ದನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ರೇಡಿಯೋ ಗಾಳಿಗೆ ಬಿಡುತ್ತದೆ, ಇನ್ನೊಂದು ಊರಿನ ರೇಡಿಯೋ ಅದನ್ನು ಹಿಡಿದು ಬಿಚ್ಚಿ ತನ್ನ ಪರದೆಯ ಮೇಲೆ ತೋರಿಸುತ್ತದೆ. ಇದಕ್ಕೆ ಪ್ಯಾಕೆಟ್ ರೇಡಿಯೋ ಎಂದು ಹೆಸರು. ನನ್ನ ಪೊಟ್ಟಣಗಳು ಚಿತ್ತಾಪುರ ದಾಟಿ ವಾಡಿಗೆ, ಶಹಾಬಾದಿಗೆ ಆರಾಮವಾಗಿ ಹೋಗಿ ಬರುತ್ತಿದ್ದವು. ಅಲ್ಲಿನ ಗೆಳೆಯರು 'ಊಟ ಆಯ್ತೇನು' ಎಂದು ಕೇಳಿದರೆ 'ಆಯ್ತು' ಎಂದು ಉತ್ತರಿಸುವ ಘನಕಾರ್ಯಕ್ಕೆ ಅವು ಬಳಕೆಯಾಗುತ್ತಿದ್ದವು. ಚಿಂಚೋಳಿಗೆ ಮಾತ್ರ ಹೋಗುತ್ತಿರಲಿಲ್ಲ. ನಡುವೆ ಗುಡ್ಡ.

ಚಿಂಚೋಳಿಯಲ್ಲಿ ಶರಣಪ್ಪನಿದ್ದ. ಸರ್ಕಾರಿ ದವಾಖಾನೆಯ ಎದುರಿಗೇ ಅವನ ಎಸ್‌ಟಿಡಿ ಬೂತು. ಮುಂದೆ ಗಲ್ಲಾಪೆಟ್ಟಿಗೆಯ ಹತ್ತಿರ ಅವನ ತಂದೆ, ಒಳಕೋಣೆಯಲ್ಲಿ ಅವನೂ ಅವನ ರೇಡಿಯೋವೂ, ಇಂಟರ್ನೆಟ್ಟಿಗೆಂದೇ ಬೇರೊಂದು ಲೈನೂ. ಗುಡ್ಡ ದಾಟಲು ನಾವಿಬ್ಬರೂ ಒಂದು ಸುರಂಗ ಕೊರೆಯಲು ಹೊರಟೆವು. ಅಂದರೆ, ರೇಡಿಯೋ ಪೊಟ್ಟಣಕ್ಕೆ ಇಂಟರ್ನೆಟ್ಟಿನ ಲಕೋಟೆ ತೊಡಿಸಿ, ಮೇಲೆ ವಿಳಾಸ ಬರೆದು ಕಳಿಸುವುದು. ಆ ಕಡೆಯವನು ಲಕೋಟೆ ಹರಿದು ಪೊಟ್ಟಣವನ್ನು ತನ್ನ ಊರಿನ ಗಾಳಿಗೆ ಬಿಡುವುದು. ಪುಸ್ತಕದಲ್ಲಿ ಅರ್ಧ ಪುಟದ ಕೆಲಸ. ತೊಡಕಿದ್ದದ್ದು ವಿಳಾಸದಲ್ಲಿ. ನನ್ನದು ಟೆಲಿಫೋನಿನ ಮೇಲೆ ಬರುವ ಇಂಟರ್ನೆಟ್. ಪ್ರತಿಸಲ ಡಯಲ್ ಮಾಡಿದಾಗಲೂ ನನ್ನ ಕಂಪ್ಯೂಟರಿಗೆ ಹೊಸ ವಿಳಾಸ, ನಡುವೆ ಚುಕ್ಕೆಯಿಟ್ಟ ನಾಲ್ಕು ಸಂಖ್ಯೆಗಳದ್ದು. ಅದನ್ನು ಶರಣಪ್ಪನಿಗೆ ತಿಳಿಸದಿದ್ದರೆ ಅವನ ಲಕೋಟೆ ಯಾರದೋ ಮನೆಗೆ ಹೋಗುತ್ತದೆ. ತಿಳಿಸಬೇಕೆಂದರೆ ಫೋನ್ ಮಾಡಬೇಕು. ಫೋನ್ ಮಾಡಬೇಕೆಂದರೆ ಇಂಟರ್ನೆಟ್ ಬಿಡಬೇಕು. ಬಿಟ್ಟರೆ ಆ ವಿಳಾಸವೇ ಹೋಯಿತು. ಇದು ಪದವೀಧರರಾದ ನಮ್ಮಿಬ್ಬರಿಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಕೊನೆಗೆ ಕಂಡುಕೊಂಡ ಉಪಾಯವೆಂದರೆ, ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಮನೆಯ ಹಿರೇಮಠ ಕಾಕಾನ ಫೋನಿನಿಂದ ಬೂತಿಗೆ ಹೇಳುವುದು. ಈ-ಮೇಲ್ ಕಳಿಸಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಮಗೂ ಹೊಳೆಯಿತು, ಆ ಭಾನುವಾರ ಕಳೆದ ಮೇಲೆ.

ಆ ಭಾನುವಾರ ಬೆಳಿಗ್ಗೆ ವೈಜಯಂತಿಯ ತಂಗಿ ಪದ್ಮಾಳನ್ನು ಚಿಂಚೋಳಿಯ ಅದೇ ದವಾಖಾನೆಗೆ ಸೇರಿಸಿದ್ದರು. ಅವಳ ಮೊದಲ ಕೂಸು ಉಳಿದಿರಲಿಲ್ಲ. ಈ ಸಲ ಏನಾಗುತ್ತದೋ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರ ಎದೆಯಲ್ಲೂ ಅದೇ ಇತ್ತು. ವೈಜಯಂತಿ ಬೆಳಿಗ್ಗೆಯಿಂದ ನೀರು ಕೂಡ ಕುಡಿದಿರಲಿಲ್ಲ. ಪದ್ಮಾಳ ಗಂಡ ಗುರುರಾಜ, ಹೆರಿಗೆಯಾದ ಕೂಡಲೇ ಫೋನ್ ಮಾಡುತ್ತೇನೆಂದು ಹೇಳಿದ್ದ. ನಾನು ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಅವನು ಫೋನ್ ಸಿಗದೆ ಒದ್ದಾಡುತ್ತಾನೆ, ಶರಣಪ್ಪ ಎದುರಿಗೇ ಇದ್ದಾನೆ, ಆಗಾಗ ಒಳಗೆ ಹೋಗಿ ವಿಚಾರಿಸಿ ಸುರಂಗದಲ್ಲಿ ಕಳಿಸುತ್ತಾನೆ, ಫೋನಿಗಿಂತ ಮೊದಲೇ ಸುದ್ದಿ ಬರುತ್ತದೆ ಎಂದೆ. ಸುರಂಗದ ಉದ್ಘಾಟನೆಯನ್ನು ನೋಡಿರಿ ಎಂದು ವಾಡಿ, ಶಹಾಬಾದಿನ ಗೆಳೆಯರಿಗೂ ಹೇಳಿಟ್ಟಿದ್ದೆ. ಅದನ್ನು ಹೆಂಡತಿಗೆ ಹೇಳಲಿಲ್ಲ.

"ಒಂದ ತಾಸು ಕೊಡ್ತೀನಿ. ಆಮ್ಯಾಲ ಫೋನ್ ನನಗ ಬಿಟ್ಟುಕೊಡ್ರಿ," ಎಂದಳು.

ಹನ್ನೊಂದಕ್ಕೆ ಡಯಲ್ ಮಾಡಿದೆ. ವಿಳಾಸ ಬಂತು, ಚೀಟಿ ಬರೆದೆ, ಕಾಕಾನ ಮನೆಗೆ ಓಡಿ ಶರಣಪ್ಪನಿಗೆ ಹೇಳಿದೆ, ಓಡಿ ಬಂದೆ. ಪರದೆಯ ಮೇಲೆ ಶರಣಪ್ಪನ ಮೊದಲ ಪೊಟ್ಟಣ ಕಾಣಬೇಕು ಎನ್ನುವಷ್ಟರಲ್ಲಿ ಲೈನು ಕಡಿಯಿತು. ಕಡಿದರೆ ತಾನಾಗಿಯೇ ಮತ್ತೆ ಡಯಲ್ ಮಾಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಟ್ಟಿದ್ದೆ, ಆ ಜಾಣತನದ ಬಗ್ಗೆ ನನಗೆ ಹೆಮ್ಮೆಯಿತ್ತು. ಅದು ಕಣ್ಣು ಮಿಟುಕಿಸುವುದರೊಳಗೆ ಡಯಲ್ ಮಾಡಿತು. ಮೊದಲ ಸಲ ಹತ್ತಲಿಲ್ಲ, ಎರಡನೆಯ ಸಲ ಹತ್ತಿತು. ಹೊಸ ವಿಳಾಸ, ಹೊಸ ಚೀಟಿ, ಮತ್ತೆ ಓಟ. ಹತ್ತು ನಿಮಿಷಕ್ಕೆ ಮತ್ತೆ ಕಡಿಯಿತು. ನಾನು ತಂತಿ ಅಲುಗಾಡಿಸಿದೆ, ಪ್ಲಗ್ಗು ಉಜ್ಜಿದೆ, ಕಂಪ್ಯೂಟರನ್ನು ಟೆಲಿಫೋನಿಗೆ ಜೋಡಿಸುವ ಮೋಡೆಮ್ಮನ್ನು ತಣ್ಣಗಾಗಲೆಂದು ಫ್ಯಾನಿನ ಕೆಳಗಿಟ್ಟೆ. ಮೂರನೆಯ ಸಲವೂ ಅದೇ. ಕಡಿಯುತ್ತದೆ, ಒಮ್ಮೆ ಹತ್ತುವುದಿಲ್ಲ, ಮರುಸಲ ಹತ್ತುತ್ತದೆ. ಕೆಡುವುದರಲ್ಲಿಯೂ ಒಂದು ಕ್ರಮವಿದೆ ಎಂದು ನನಗೆ ಖುಷಿಯಾಯಿತು. ನಾಚಿಕೆಯಿಂದ ಬರೆಯುತ್ತಿದ್ದೇನೆ, ನಿಜವಾಗಿಯೂ ಖುಷಿಯೇ ಆಯಿತು. ನೋಟುಬುಕ್ಕು ತೆಗೆದು ಕಡಿದ ಹೊತ್ತುಗಳನ್ನು ಬರೆದಿಟ್ಟುಕೊಳ್ಳತೊಡಗಿದೆ.

"ಲೈನ್ ಹೋದಾಗ ಫೋನ್ ಒಮ್ಮೆ ಟಿಂಗ್ ಅಂತದ ನೋಡ್ರಿ," ಎಂದು ವೈಜಯಂತಿ ಬಾಗಿಲಲ್ಲಿ ನಿಂತು ಹೇಳಿದಳು. ಅದು ಮೋಡೆಮ್ಮಿನದು, ನಿನಗೆ ತಿಳಿಯುವುದಿಲ್ಲ ಎಂದೆ. ಮೋಡೆಮ್ಮಿನ ಕೀರಲು ದನಿ ಅವಳಿಗೆ ತಲೆನೋವು ತರುತ್ತದೆಂದು ಅದರ ಸ್ಪೀಕರನ್ನು ನಾನೇ ಬಂದ್ ಮಾಡಿಟ್ಟಿದ್ದೆ. ಅದು ಟಿಂಗ್ ಅನ್ನಲು ಸಾಧ್ಯವೇ ಇರಲಿಲ್ಲ.

ನಾಲ್ಕನೆಯ ಚೀಟಿ ಒಯ್ದಾಗ ಹಿರೇಮಠ ಕಾಕಾ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಮಾಸ್ತರ್ರ, ಮುಂಜಾನಿಂದ ಅಲ್ಲಿಗೇ ಫೋನ್ ಹಚ್ಚಾಕತ್ತೀರಿ. ಕೂಸಿಂದ ಏನಾತು ಅಂತ ಒಮ್ಮೆರೆ ಕೇಳೀರೇನು?"

ಅದಕ್ಕಾಗಿಯೇ ಅಲ್ಲವೇ ಇದೆಲ್ಲ ಎಂದು ಗಂಭೀರವಾಗಿ ಹೇಳಿ ಬಂದೆ. ಶರಣಪ್ಪನೂ ದವಾಖಾನೆಗೆ ಹೋಗಿರಲಿಲ್ಲ. ಇದೊಂದು ಹತ್ತಲಿ ಸರ್, ಹೋಗೇಬಿಡ್ತೀನಿ ಎನ್ನುತ್ತ ಒಳಕೋಣೆಯ ಬಾಗಿಲು ಹಾಕಿಕೊಂಡು ಅವನೂ ತಂತಿ ಉಜ್ಜುತ್ತಿದ್ದ. ಸುದ್ದಿ ತರಬೇಕಾದವನು, ಕೇಳಬೇಕಾದವನು ಇಬ್ಬರೂ ಸುದ್ದಿಯ ದಾರಿ ರಿಪೇರಿಗೆ ಕುಳಿತಿದ್ದೆವು.

ತಾಸು ಮುಗಿದಿತ್ತು. ಲೈನು ಮತ್ತೆ ಕಡಿದು ಹತ್ತಿತು. ಐದನೆಯ ಚೀಟಿ ಬರೆದು ಏಳುವಷ್ಟರಲ್ಲಿ ವೈಜಯಂತಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ತಾನೇ ಕಾಕಾನ ಮನೆಗೆ ಹೋದಳು. ಆಗ ಮೊದಲ ಬಾರಿ ನನಗೆ ಹೆದರಿಕೆಯಾಯಿತು. ಇಷ್ಟು ಹೊತ್ತಾದರೂ ಗುರುರಾಜನ ಫೋನ್ ಏಕೆ ಬಂದಿಲ್ಲ ಎಂಬ ಯೋಚನೆ ಬಂತು. ಫೋನು ನನ್ನ ಹತ್ತಿರವೇ ಇದೆ ಎಂಬ ಯೋಚನೆ ಬರಲಿಲ್ಲ.

ಅವಳು ಬರಲು ಭಾಳ ಹೊತ್ತಾಯಿತು. ಬಂದಾಗ ಕಣ್ಣು ಕೆಂಪಾಗಿದ್ದವು. ನಾನು ಪರದೆಯಿಂದ ತಲೆ ಎತ್ತಿ ಕೇಳಿದ ಮಾತನ್ನು ಇಂದಿಗೂ ಕ್ಷಮಿಸಿಕೊಳ್ಳಲಾರೆ. "ನಂಬರ್ ಹೇಳಿದ್ಯಾ?" ಎಂದೆ.

"ಹೇಳೀನಿ," ಎಂದಳು. ನೆಲದ ಮೇಲೆ ಗೋಡೆಗೆ ಒರಗಿ ಕುಳಿತಳು.

ಪದ್ಮಾ ಹೇಗಿದ್ದಾಳೆ ಎಂದು ಆಮೇಲೆ ಕೇಳಿದೆ. "ನಿಮ್ಮ ಮಷೀನಿಗೇ ಮೊದಲ ಬರ್ತದ ಅಂದಿದ್ರಲ್ಲ. ಬರ್ತದ, ಕುಂದ್ರಿ," ಎಂದಳು.

ಕುಳಿತೆ. ಕೆಂಪು ಕಣ್ಣಿನ ಅರ್ಥವೇನೆಂದು ಕೇಳುವ ಧೈರ್ಯವಿಲ್ಲದೆ ಖಾಲಿ ಪರದೆ ನೋಡುತ್ತ ಹತ್ತು ನಿಮಿಷ ಕಳೆದೆ. ವಿಚಿತ್ರವೆಂದರೆ ಲೈನು ಕಡಿಯಲಿಲ್ಲ. ಕಡಿಯಲಿ ಎಂದು ಕೂಡ ಒಮ್ಮೆ ಅನಿಸಿತು. ಆಗ ಸುರಂಗದಿಂದ ಮೊದಲ ಪೊಟ್ಟಣ ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಶರಣಪ್ಪ: 'ಹೆಣ್ಣು ಕೂಸು. ಇಬ್ಬರೂ ಆರಾಮ. ಮೊದಲ ಫೋನ್ ಇಡ್ರಿ ಸರ್.'

ನನ್ನ ರೇಡಿಯೋ ತನ್ನ ಕರ್ತವ್ಯ ಮರೆಯದೆ ಅದನ್ನು ವಾಡಿಗೂ ಶಹಾಬಾದಿಗೂ ಬಿತ್ತರಿಸಿತು. ಹಿಂದೆಯೇ ಅಲ್ಲಿಂದ ಅಭಿನಂದನೆಗಳೂ, ಫೋನ್ ಇಟ್ಟಿರೋ ಇಲ್ಲವೋ ಎಂಬ ವಿಚಾರಣೆಯೂ ಬಂದವು.

ಆಮೇಲೆ ತಿಳಿದದ್ದಿಷ್ಟು. ಕೂಸು ಹುಟ್ಟಿದ್ದು ಹನ್ನೊಂದಕ್ಕೆ ಮೊದಲೇ. ಗುರುರಾಜ ಎದುರಿನ ಬೂತಿಗೆ, ಅಂದರೆ ಶರಣಪ್ಪನ ಬೂತಿಗೇ ಬಂದು ನಮ್ಮ ನಂಬರಿಗೆ ಫೋನ್ ಹಚ್ಚುತ್ತಿದ್ದ. ನಮ್ಮ ಫೋನಿಗೆ ಕಾಲ್ ವೇಟಿಂಗ್ ಸೌಲಭ್ಯವಿತ್ತು. ಮಾತಿನ ನಡುವೆ ಇನ್ನೊಂದು ಕರೆ ಬಂದರೆ ಟಿಕ್ ಎಂದು ತಿಳಿಸುತ್ತದೆ. ಆ ಟಿಕ್ ಸದ್ದಿಗೇ ಮೋಡೆಮ್ ಬೆದರಿ ಲೈನು ಬಿಡುತ್ತಿತ್ತು. ಫೋನು ಟಿಂಗ್ ಎನ್ನುವಷ್ಟರಲ್ಲಿ ನನ್ನ ಜಾಣ ಕಂಪ್ಯೂಟರ್ ಡಯಲ್ ಮಾಡಲು ಹೋಗಿ ಗುರುರಾಜನ ಕರೆಯನ್ನೇ ಎತ್ತಿ ಅವನ ಕಿವಿಯಲ್ಲಿ ಪಿಂ ಪಿಂ ಎನ್ನುತ್ತಿತ್ತು. ಅವನು ಗಾಬರಿಯಾಗಿ ಇಟ್ಟು, ದವಾಖಾನೆಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ಮತ್ತೆ ಹಚ್ಚುತ್ತಿದ್ದ. ಅವನಿಗೂ ಶರಣಪ್ಪನಿಗೂ ಗುರುತಿರಲಿಲ್ಲ; ಇಬ್ಬರ ನಡುವೆ ಒಂದು ಮುಚ್ಚಿದ ಬಾಗಿಲಿತ್ತು. ಕೊನೆಗೆ ವೈಜಯಂತಿಯ ಕರೆ ಎತ್ತಿದ ಶರಣಪ್ಪನ ತಂದೆ, ಸೇಡಂದಿಂದ ಫೋನ್ ಬಂದಿದೆ ಎಂದು ಮಗನನ್ನು ಕೂಗಿದಾಗ, ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದ ಗುರುರಾಜ ಸೇಡಂ ಎಂದದ್ದು ಕೇಳಿ ರಿಸೀವರ್ ಕಸಿದುಕೊಂಡಿದ್ದ. ನಾನು ನೋಟುಬುಕ್ಕಿನಲ್ಲಿ ಹೊತ್ತು ಸಹಿತ ಬರೆದಿಟ್ಟುಕೊಂಡ ನಾಲ್ಕು ದೋಷಗಳೂ ಒಂದೇ ಸುದ್ದಿ.

ಅಳುತ್ತಲೇ ಸುದ್ದಿ ಕೇಳಿದ ಮೇಲೂ ವೈಜಯಂತಿ ಫೋನ್ ಇಡಲಿಲ್ಲ. ಶರಣಪ್ಪನನ್ನು ಕರೆಸಿ, ಚೀಟಿಯಲ್ಲಿದ್ದ ನಾಲ್ಕು ಸಂಖ್ಯೆಗಳನ್ನು ಓದಿ ಹೇಳಿದಳಂತೆ. ಯಾಕೆ ಎಂದು ಕೇಳಿದ್ದಕ್ಕೆ, ಮುಂಜಾನಿಂದ ಅಷ್ಟು ಓಡಾಡಿದ್ದೀರಿ, ಪಾಪ ಅನಿಸಿತು ಎಂದಳು. ನನ್ನ ಸುರಂಗ ಹತ್ತಿದ್ದು ಅದರಿಂದ.

ಆ ಕೂಸಿಗೆ ಈಗ ನಮ್ಮನೆ ನಂಬರ್ ಬಾಯಿಪಾಠ. ವೈಜಯಂತಿ ಫೋನ್ ಎತ್ತಿದರೆ ದೊಡ್ಡಮ್ಮ ಎಂದು ಶುರುಮಾಡುತ್ತಾಳೆ. ನಾನು ಎತ್ತಿದರೆ ಮೊದಲು ಪಿಂ ಪಿಂ ಎಂದು ಕೂಗಿ, ಸ್ವಲ್ಪ ಕಾದು, ಆಮೇಲೆ ಮಾತಾಡುತ್ತಾಳೆ. ನಾನು ಲೈನು ಬಿಡದೆ ಪೂರ್ತಿ ಕೇಳಿಸಿಕೊಳ್ಳುತ್ತೇನೆ.