ಮರಳು ಗುಡ್ಡೆಯ ಕಡಜಗಳೂ ಪಾದಪೂಜೆಯೂ

ನಾನು ಧೈರ್ಯಸ್ಥ ಎಂದು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹೆಸರಿದೆ. ಆದರೆ ಕೊಂಡಿ ಇರುವ ಯಾವ ಹುಳವನ್ನು ಕಂಡರೂ ನನ್ನ ಕಾಲು ನನ್ನನ್ನು ಕೇಳದೆ ಓಡುತ್ತದೆ. ಹೀಗಿರುವಾಗ, ಕಾಂಪೌಂಡಿಗೆಂದು ಮನೆಯ ಮುಂದೆ ಸುರಿಸಿದ್ದ ಮರಳಿನಲ್ಲಿ ಕಡಜಗಳು ಬಿಲ ತೋಡಿದವು. ಗಾರೆಯವನು ನಾಳೆ ಬರುತ್ತೇನೆಂದು ಹೋಗಿ ತಿಂಗಳಾಗಿತ್ತು. ಕಡಜಗಳು ಮಾತ್ರ ಹೊತ್ತಿಗೆ ಸರಿಯಾಗಿ ಬಂದು, ನಾಯಿ ಕೆರೆದಂತೆ ಕೆರೆಯುತ್ತಿದ್ದವು. ಆ ವಾರದ ಭಾನುವಾರವೇ ನಮ್ಮಲ್ಲಿ ಸ್ವಾಮೀಜಿಯವರ ಪಾದಪೂಜೆ. ಅಂಗಳದ ಚಪ್ಪರದಲ್ಲಿ ಅವರ ಗದ್ದುಗೆಗೂ ಆ ಮರಳಿಗೂ ಹತ್ತೇ ಹೆಜ್ಜೆ. ಅವರಿಗೇ ಒಂದು ಕಚ್ಚಿಬಿಟ್ಟರೆ ನಾನು ಊರಲ್ಲಿ ತಲೆ ಎತ್ತುವುದು ಹೇಗೆ?

ಸೀಮೆಎಣ್ಣೆ ಡಬ್ಬಿ ಹಿಡಿದು ಹೊರಟೆ. ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದ ಹೆಂಡತಿ ಗಿರಿಜಾ ತಡೆದಳು. "ಅವ್ಕೂ ಮಕ್ಕಳವೆ ಕಣ್ರೀ. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಒಂದೊಂದೇ ನೊಣ ಹಿಡ್ಕೊಂಡು ಬಂದು ಒಳಗೆ ಕೊಟ್ಟು, ಬಾಗಿಲು ಮುಚ್ಕೊಂಡು ಹೋಗ್ತಾವೆ."

ಎದುರು ಮನೆಯ ವಿಜ್ಞಾನದ ಮೇಷ್ಟ್ರೂ ಅವಳ ಕಡೆಗೇ ಸೇರಿದರು. "ಇವು ನೊಣ ಬೇಟೆ ಆಡೋ ಮರಳು ಕಡಜ ಕಣ್ರೀ. ಒಂದೊಂದು ತಾಯಿಗೂ ಬೇರೆ ಬೇರೆ ಬಿಲ. ಮರಿ ದೊಡ್ಡದಾಗೋವರೆಗೂ ದಿನಾ ಹೊಸ ನೊಣ ತಂದು ಹಾಕ್ತವೆ. ಜೇನಿನ ಥರ ಗುಂಪು ಕಟ್ಕೊಂಡು ಮೇಲೆ ಬೀಳಲ್ಲ. ನೀವಾಗಿ ಹಿಡಿದು ಹಿಸುಕಬೇಡಿ, ಅಷ್ಟೇ."

ಹಿಸುಕುವುದಿರಲಿ, ಹತ್ತಿರ ಹೋಗುವ ಧೈರ್ಯವೇ ನನಗಿರಲಿಲ್ಲ. ಹಾಗಾಗಿ ಜೀವದಯೆಯ ಮೇಲೆ ಎರಡು ಮಾತಾಡಿ ಡಬ್ಬಿಯನ್ನು ಒಳಗಿಟ್ಟೆ.

ಭಾನುವಾರ ಸ್ವಾಮೀಜಿ ಗದ್ದುಗೆಯಲ್ಲಿ ಕುಳಿತರು. ಬಾಳೆಹಣ್ಣು, ಬೆಲ್ಲದ ರಸಾಯನಕ್ಕೆ ನೊಣಗಳೂ ಭಕ್ತರಂತೆ ಬಂದವು. ನಾನು ಪಾದಕ್ಕೆ ನೀರೆರೆಯುತ್ತಿದ್ದಾಗ ಒಂದು ಕಡಜ ಗುಂಯ್ ಎಂದು ಅವರ ಮೊಣಕಾಲಿನ ಬಳಿ ನಿಂತಿತು. ನನ್ನ ಉಸಿರೂ ನಿಂತಿತು. ಅದು ಅಲ್ಲಿ ಕೂತಿದ್ದ ನೊಣವನ್ನು ಗಬಕ್ಕನೆ ಎತ್ತಿಕೊಂಡು ಮರಳಿಗೆ ಹಾರಿತು. ಅದರ ಹಿಂದೆ ಮತ್ತೊಂದು, ಮಗದೊಂದು. ಪ್ರಸಾದದ ಹೊತ್ತಿಗೆ ಚಪ್ಪರದಲ್ಲಿ ಹುಡುಕಿದರೂ ನೊಣವಿಲ್ಲ. ಅಬ್ಬ, ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು! ಆ ಕಡಜಗಳಿಗೂ ಕೈಮುಗಿಯಬೇಕೆನಿಸಿತು.

ಸ್ವಾಮೀಜಿ ಸಂತೋಷದಿಂದ ಕೇಳಿದರು: "ಇಷ್ಟು ಸಿಹಿ ಇದ್ರೂ ಒಂದು ನೊಣ ಇಲ್ಲವಲ್ಲ! ಏನು ವ್ಯವಸ್ಥೆ ಮಾಡಿದ್ರಿ?"

ಆಗಲಾದರೂ ಬಾಯಿ ಮುಚ್ಚಿಕೊಂಡಿರಬಹುದಿತ್ತು. "ತಮ್ಮ ಆಶೀರ್ವಾದ ಬುದ್ಧಿ. ನೊಣ ಹಿಡಿಯೋ ಕಡಜಗಳನ್ನ ನಾನೇ ಸ್ವಲ್ಪ ಮುತುವರ್ಜಿ ವಹಿಸಿ ಸಾಕಿದ್ದೀನಿ" ಎಂದೆ.

"ಬಹಳ ಒಳ್ಳೇದು. ಮಠದ ದಾಸೋಹದ ಮನೇಲಿ ನೊಣದ ಕಾಟ ವಿಪರೀತ. ನಾಳೆ ಅವನ್ನ ಹಿಡ್ಕೊಂಡು ಬಂದುಬಿಡಿ" ಎಂದು ಅಪ್ಪಣೆ ಕೊಡಿಸಿ ಕಾರು ಹತ್ತಿದರು.

ಗಿರಿಜಾ ಒಳಗೆ ಹೋಗಿ, ಒಂದು ಖಾಲಿ ಡಬ್ಬಿ ತಂದು ನನ್ನ ಕೈಯಲ್ಲಿಟ್ಟಳು.