ಕುದಿಯುವ ಕಾರಿಗೊಂದು ಫ್ಯಾನು

ಕನಸು ಕಾಣುವವರಲ್ಲಿ ಎರಡು ಬಗೆ. ನಿದ್ದೆಯಲ್ಲಿ ಕಂಡು, ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಮರೆತುಬಿಡುವವರು ಒಂದು ಬಗೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಇನ್ನೊಂದು ಬಗೆಯವರು ಕಣ್ಣು ಬಿಟ್ಟುಕೊಂಡೇ ಕಾಣುತ್ತಾರೆ. ಹಾಲು ನೋಡಿಕೋ ಎಂದು ಹೇಳಿ ಹೋದರೆ ಒಲೆಯ ಮುಂದೆ ನಿಂತು ಹಾಲನ್ನೇ ನೋಡುತ್ತಿರುತ್ತಾರೆ, ಹಾಲು ಉಕ್ಕಿ ಹೋಗುತ್ತದೆ. ನಾನು ಈ ಎರಡನೆಯ ಪಂಗಡದವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನನ್ನ ಹೆಂಡತಿ ಸುನಂದಾ ಎಲ್ಲರ ಮುಂದೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ ಎಂದು ಹೇಳುತ್ತಿದ್ದೇನೆ.

ನಾವು ಅಮೆರಿಕದ ಡಬ್ಲಿನ್ನಿನಲ್ಲಿ ಮನೆ ಮಾಡಿದ್ದ ಆ ಕಾಲದಲ್ಲಿ ಕನಸು ಕಾಣುವುದು ಅಷ್ಟೇನೂ ಅವಮಾನದ ಸಂಗತಿಯಾಗಿರಲಿಲ್ಲ. ಕಂಪನಿಯ ಹೆಸರಿನ ಬಾಲಕ್ಕೆ ಡಾಟ್ ಕಾಮ್ ಅಂಟಿಸಿದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿ ಆಗುತ್ತದೆ ಎಂದು ನಮ್ಮ ಸುತ್ತಲಿನ ಇಡೀ ಬೇ ಏರಿಯಾ ಸೀಮೆ ನಂಬಿತ್ತು. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಷೇರಿನ ಕನಸು. ಅಲ್ಲಿ ನನ್ನ ಕೆಲಸವೆಂದರೆ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿಟ್ಟ ಕೋಣೆಯನ್ನು ತಣ್ಣಗೆ ಇಡುವುದು. ಆ ಚಳಿಯಲ್ಲಿ ಸ್ವೆಟರು ಹಾಕಿಕೊಂಡು ಕೂತು ನಾನು ಕಂಡ ಕನಸಿಗೆ ನಾಲ್ಕು ಚಕ್ರಗಳಿದ್ದವು.

ಅರವತ್ತರ ದಶಕದ ಕಾರು, ಹುಡುಕಿ ಕೊಂಡು ತಂದಿದ್ದೆ. ಉದ್ದ ಮೂತಿ, ಗಿಡ್ಡ ಬೆನ್ನು, ಒಳಗೆ ಎಂಟು ಸಿಲಿಂಡರಿನ ಇಂಜಿನ್ನು. ಇಂಥದ್ದಕ್ಕೆ ಇಲ್ಲಿನವರು ಮಸಲ್ ಕಾರು ಎನ್ನುತ್ತಾರೆ. ಕೀಲಿ ತಿರುಗಿಸಿದರೆ ಪಕ್ಕದ ಮನೆಯ ಕಿಟಕಿ ಗಾಜು ನಡುಗುತ್ತಿತ್ತು. ನನ್ನ ಕನಸು ಬಹಳ ಸರಳ. ಸಂಜೆಯ ಹೊತ್ತು, ಬೇಸಿಗೆಗೆ ಒಣಗಿ ಹುರಿದ ರವೆಯ ಬಣ್ಣಕ್ಕೆ ತಿರುಗಿದ ಗುಡ್ಡಗಳು, ಅವುಗಳಾಚೆ ಸಮುದ್ರದ ಕಡೆಯಿಂದ ಮೆಲ್ಲಗೆ ಇಳಿಯುವ ಮಂಜು. ಕಿಟಕಿ ಇಳಿಸಿದೆ, ಗಾಳಿ ಬರುತ್ತಿದೆ, ಪಕ್ಕದಲ್ಲಿ ಸುನಂದಾ ಏನೂ ಮಾತಾಡದೆ ಗುಡ್ಡ ನೋಡುತ್ತಿದ್ದಾಳೆ. ಸುನಂದಾ ಧಾರವಾಡದವಳು. ಅವಳು ಮಾತಾಡದೆ ಕೂರುವುದು ಕನಸಿನಲ್ಲಿ ಮಾತ್ರ ಸಾಧ್ಯವೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಆ ಕಾರಿಗೆ ಒಂದೇ ಒಂದು ದುರ್ಗುಣ. ಓಡುವಾಗ ಸಾಧು, ನಿಂತರೆ ಕುದಿಯುತ್ತಿತ್ತು. ಅದರ ಹಳೆಯ ಫ್ಯಾನು ಇಂಜಿನ್ನಿನ ಬೆಲ್ಟಿನಿಂದಲೇ ತಿರುಗುವಂಥದ್ದು. ಟ್ರಾಫಿಕ್ಕಿನಲ್ಲಿ ಇಂಜಿನ್ನು ನಿಧಾನವಾದರೆ ಫ್ಯಾನೂ ನಿಧಾನ, ಅಂದರೆ ಗಾಳಿ ಬೇಕಾದಾಗಲೇ ಇಲ್ಲ. ಬಿಸಿ ತೋರಿಸುವ ಸೂಜಿ ಮೇಲೇರಿದಾಗ ಒಂದು ಹಳೇ ಉಪಾಯವಿದೆ, ಕಾರಿನ ಹೀಟರು ಹಾಕಿದರೆ ಇಂಜಿನ್ನಿನ ಬಿಸಿ ಒಂದಿಷ್ಟು ಒಳಗೆ ಬಂದು ಅದು ತಣಿಯುತ್ತದೆ. ಹೀಗೆ ಕಡು ಬೇಸಿಗೆಯಲ್ಲಿ ನಾವಿಬ್ಬರೂ ಇಂಜಿನ್ನಿನ ಪಾಲಿನ ಬೆವರನ್ನೂ ಸುರಿಸುತ್ತಾ ಪ್ರಯಾಣ ಮಾಡಿದ್ದುಂಟು. "ಉರಿ ಬ್ಯಾಸಗ್ಯಾಗ ಹೀಟರ್ ಹಚ್ಚೂ ಗಂಡಸ್ನ ನಾ ಎಲ್ಲೂ ನೋಡಿಲ್ಲ" ಎಂದು ಅವಳು ಫೋನಿನಲ್ಲಿ ತಂಗಿಗೆ ಹೇಳುವುದು ನನಗೆ ಕೇಳಿಸಲೆಂದೇ ಸ್ವಲ್ಪ ಜೋರಾಗಿರುತ್ತಿತ್ತು.

ಹತ್ತಿರದ ವಾಲ್ನಟ್ ಕ್ರೀಕ್ ಊರಿನ ಸ್ನೇಹಿತರ ಗೃಹಪ್ರವೇಶಕ್ಕೆ ಹೊರಟ ದಿನ ಹೀಟರೂ ಕೈಕೊಟ್ಟಿತು. ಫ್ರೀವೇ ಪಕ್ಕದಲ್ಲಿ ಬಾನೆಟ್ಟು ತೆರೆದೆ. ಆವಿ ಎದ್ದಿತು. ಇಳಕಲ್ ಸೀರೆಯುಟ್ಟ ಸುನಂದಾ ಶೇಂಗಾ ಹೋಳಿಗೆಯ ಡಬ್ಬಿ ಎದೆಗವಚಿಕೊಂಡು ಆ ಆವಿಯೊಳಗೆ ನಿಂತಿದ್ದಳು. ಪಕ್ಕದಲ್ಲಿ ಹಾದುಹೋದವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ "ನೈಸ್ ಕಾರ್!" ಎಂದು ಕೂಗಿದ. "ಅವಗ ಕೊಟ್ಟಬಿಡ್ರಿ" ಎಂದಳು ಸುನಂದಾ. ಆಮೇಲೆ, ಕೋಪವೇ ಇಲ್ಲದ ದನಿಯಲ್ಲಿ, "ಇನ್ನೊಮ್ಮೆ ಕುದೀತಂದ್ರ ನಾ ಈ ಗಾಡಿ ಹತ್ತೂದಿಲ್ಲ ನೋಡ್ರಿ" ಎಂದಳು.

ಗಾಡಿ ಮಾರಿ ಎಂದಿದ್ದರೆ ಜಗಳವಾಡಬಹುದಿತ್ತು. ಇದಕ್ಕೆ ಏನೆಂದು ವಾದಿಸಲಿ? ಕಂಪ್ಯೂಟರುಗಳ ಚಳಿ ಕೋಣೆಯಲ್ಲಿ ಕೂತು ಮತ್ತೆ ಅದೇ ಕನಸು ಕಾಣಲು ನೋಡಿದೆ. ಗುಡ್ಡ ಬಂತು, ಮಂಜು ಬಂತು, ಗಾಳಿಯೂ ಬಂತು. ಪಕ್ಕದ ಸೀಟು ಮಾತ್ರ ಖಾಲಿ. ಅಷ್ಟು ದೊಡ್ಡ ಸೀಟು ಖಾಲಿಯಿದ್ದರೆ ಎಷ್ಟು ಬೇಜಾರಾಗುತ್ತದೆಂದು ಅವತ್ತು ಗೊತ್ತಾಯಿತು.

ಇಮ್ತಿಯಾಜನಿಗೆ ಫೋನು ಮಾಡಿದೆ. ಇಮ್ತಿಯಾಜ್ ಮೈಸೂರಿನವನು, ಯೂನಿಯನ್ ಸಿಟಿಯಲ್ಲಿ ಮನೆ, ನನ್ನ ಹಾಗೆಯೇ ಇಂಜಿನಿಯರು, ನನ್ನ ಹಾಗೆಯೇ ಹಳೇ ಕಾರಿನ ಹುಚ್ಚು. "ಏನ್ ಸಾರ್, ಅಷ್ಟೊಂದು ಕಂಪ್ಯೂಟರ್ ತಣ್ಣಗಿಡ್ತೀರ, ಒಂದು ಕಾರ್ ತಣ್ಣಗಿಡಕ್ಕಾಗಲ್ವ?" ಎಂದು ಮೊದಲು ಮನಸಾರೆ ನಕ್ಕ. ಆಮೇಲೆ ಶನಿವಾರಗಳಲ್ಲಿ ಬರತೊಡಗಿದ. ಇಂಜಿನ್ನಿನ ನೀರನ್ನು ತಣಿಸುವ ಹಿತ್ತಾಳೆಯ ಹಳೇ ರೇಡಿಯೇಟರು ತೆಗೆದು ಅಗಲವಾದ ಅಲ್ಯೂಮಿನಿಯಮ್ಮಿನದು ಕೂರಿಸಿದೆವು. ಬೆಲ್ಟಿನ ಫ್ಯಾನು ಕಿತ್ತು, ಬ್ಯಾಟರಿಯಿಂದ ತಿರುಗುವ ಎಲೆಕ್ಟ್ರಿಕ್ ಫ್ಯಾನು ಹಾಕಿದೆವು. ಇಂಜಿನ್ನು ನಿಧಾನವಾಗಲಿ, ಜೋರಾಗಲಿ, ಇದು ತನ್ನ ಪಾಡಿಗೆ ಗಾಳಿ ಎಳೆಯುತ್ತದೆ. ರೇಡಿಯೇಟರಿನ ಮುಂದೆ ಕಾಗದ ಹಿಡಿದರೆ ಅದು ಹೋಗಿ ಅಂಟಿಕೊಂಡು ನಿಂತಿತು. ನಾವಿಬ್ಬರೂ ಆ ಕಾಗದವನ್ನು ನೋಡುತ್ತಾ ಚಹಾ ಕುಡಿದೆವು.

ಫ್ಯಾನಿಗೊಂದು ಸ್ವಿಚ್ಚು ಬೇಕಿತ್ತು. ಅದನ್ನು ನಾನೊಬ್ಬನೇ ಹಾಕುತ್ತೇನೆಂದು ಹಟ ಹಿಡಿದೆ. ನನ್ನ ಕೈಯಾರೆ ಫ್ಯಾನು ಹಾಕಿ ನನ್ನ ಕಾರನ್ನು ತಣಿಸಬೇಕು, ಸುನಂದಾ ಅದನ್ನು ನೋಡಬೇಕು ಎಂಬ ಆಸೆ. ಸ್ಟಿಯರಿಂಗಿನ ಪಕ್ಕ ಪುಟ್ಟದೊಂದು ಸ್ವಿಚ್ಚು ಕೂರಿಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ. ತಿರುಪು ಬಿಗಿಯುವಾಗಲೇ ಗರಾಜಿನ ಗೋಡೆ ಕರಗಿ ಗುಡ್ಡಗಳು ಕಾಣತೊಡಗಿದ್ದವು.

ಪರೀಕ್ಷೆಯ ದಿನ ಬಂತು. ಭಾನುವಾರ ಇಮ್ತಿಯಾಜನ ಮನೆಯಲ್ಲಿ ಮಧ್ಯಾಹ್ನದ ಊಟ. "ಇದೊಂದ ಸಲ" ಎಂದು ಸುನಂದಾ ಕಾರು ಹತ್ತಿದಳು. ಫ್ರೀವೇಯಲ್ಲಿ ಕಾರು ಹಾಯಾಗಿ ತೇಲಿತು. ಗುಡ್ಡಗಳು ಬಂದವು. ಅವಳು ಗುಡ್ಡ ನೋಡಿದಳು, ನಾನು ಅವಳನ್ನು ನೋಡಿದೆ. ಮುಂದೆ ಏನೋ ಅಪಘಾತವಾಗಿ ಎಲ್ಲ ಕಾರುಗಳೂ ನಿಂತಿದ್ದವು, ನಾವೂ ನಿಂತೆವು. ಸೂಜಿ ಮೇಲೇರತೊಡಗಿತು. ನಾನು ನಾಟಕದ ರಾಜನ ಗತ್ತಿನಲ್ಲಿ ಸ್ವಿಚ್ಚನ್ನು ಮೇಲಕ್ಕೆತ್ತಿದೆ.

ಸೂಜಿ ಇನ್ನೂ ಏರಿತು.

"ಫ್ಯಾನ್ ಹಚ್ಚೀರೇನು?" ಎಂದಳು.

"ಹಾಕಿದೀನಿ ಕಣೇ."

"ಮತ್ತ ಯಾಕ ಏರಾಕತ್ತೇದ?"

ಇಂಜಿನ್ನಿನ ಅಬ್ಬರದಲ್ಲಿ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಕೇಳುವಂತಿರಲಿಲ್ಲ. ಅಮೆರಿಕದಲ್ಲಿ ಸ್ವಿಚ್ಚು ಮೇಲೆತ್ತಿದರೆ ದೀಪ ಹತ್ತುತ್ತದೆ. ನಮ್ಮ ಬೆಂಗಳೂರಿನಲ್ಲಿ ಕೆಳಕ್ಕೆ ಒತ್ತಿದರೆ ಹತ್ತುತ್ತದೆ. ಇಲ್ಲಿಗೆ ಬಂದ ಹೊಸದರಲ್ಲಿ ಕತ್ತಲಲ್ಲಿ ಗೋಡೆ ತಡವುತ್ತಾ ಈ ಪಾಠ ಕಲಿತಿದ್ದೆ. ಹಾಗಾಗಿ ಮೇಲೆತ್ತಿದ್ದು ಸರಿಯೇ ಎಂದು ಅವಳಿಗೆ ಗಂಭೀರವಾಗಿ ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಇದನ್ನ ಹಚ್ಚಿದಾವರು ಯಾರು? ಅಮೆರಿಕಾದಾವ್ರೇನು?"

"ನಾನೇ."

"ಹಚ್ಚುಮುಂದ ಕನಸ ಕಾಣಾಕತ್ತಿದ್ರೇನು?"

ಅವಳು ನನ್ನ ಮುಂದಿನಿಂದ ಕೈಚಾಚಿ ಸ್ವಿಚ್ಚನ್ನು ಟಪ್ಪನೆ ಕೆಳಕ್ಕೆ ಒತ್ತಿದಳು. ಮೂತಿಯ ಕಡೆಯಿಂದ ಸಣ್ಣದೊಂದು ನಡುಕ ಬಂತು. ಸೂಜಿ ನಿಂತಿತು, ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ಇಳಿಯತೊಡಗಿತು. ಎಚ್ಚರದಲ್ಲಿ ಡಬ್ಲಿನ್ನಿನವನಾದ ನಾನು ಕನಸಿನಲ್ಲಿ ಇನ್ನೂ ಬೆಂಗಳೂರಿನ ಗೋಡೆಗೇ ಸ್ವಿಚ್ಚು ಹಾಕುತ್ತಿದ್ದೆ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಗಾಡಿ ಕುದಿಯಲಿಲ್ಲ. ಸುನಂದಾ ಪಕ್ಕದಲ್ಲೇ ಇದ್ದಳು.

ಊಟವಾದ ಮೇಲೆ ಅವಳ ಅಪ್ಪಣೆಯಂತೆ ಇಮ್ತಿಯಾಜ್ ಆ ಸ್ವಿಚ್ಚನ್ನು ಕಿತ್ತು ಅವಳ ಸೀಟಿನ ಮುಂದೆ ಕೂರಿಸಿದ. ಅಲ್ಲಿಂದ ಮುಂದೆ ಅವಳಿಲ್ಲದೆ ಕಾರು ಹೊರಡುವಂತಿರಲಿಲ್ಲ. ಟ್ರಾಫಿಕ್ಕು ಕಂಡ ಕೂಡಲೇ ಅವಳ ಬೆರಳು ಹೋಗುತ್ತಿತ್ತು. ನನ್ನ ಕನಸಿನಲ್ಲಿ ಸುಮ್ಮನೆ ಕೂರುತ್ತಿದ್ದವಳು ಈಗ ಸೂಜಿಯ ವರದಿ ಒಪ್ಪಿಸುತ್ತಿದ್ದಳು, ನಡುನಡುವೆ ತಂಗಿಯ ಸುದ್ದಿ, ಪಕ್ಕದ ಮನೆಯ ಸುದ್ದಿ. ನಿಜ ಹೇಳಬೇಕೆಂದರೆ ಕನಸಿಗಿಂತ ಇದೇ ಚೆನ್ನಾಗಿತ್ತು.

ಕೆಲವು ವಾರಗಳ ನಂತರ ಇಮ್ತಿಯಾಜನ ಫೋನು. "ಸಾರ್, ಆ ಸ್ವಿಚ್ಚೇ ಬೇಡ. ಒಂದು ಸೆನ್ಸರ್ ಹಾಕ್ಬಿಡೋಣ. ಬಿಸಿ ಆದ್ರೆ ಫ್ಯಾನು ತಾನೇ ಆನ್ ಆಗುತ್ತೆ. ನೀವು ಒಬ್ರೇ ಆರಾಮಾಗಿ ಎಲ್ಲಿ ಬೇಕಾದ್ರೂ ಹೋಗ್ಬೋದು."

ನಾನು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಬೇಡ ಇಮ್ತಿಯಾಜ್. ಇಂಥದ್ದೊಂದು ಇದೆ ಅಂತ ಸುನಂದಾಗೆ ಹೇಳ್ಬೇಡ" ಎಂದೆ.

ಅವನು ಜೋರಾಗಿ ನಕ್ಕ. "ಮೊದ್ಲು ಭಾಭಿಗೇ ಹೇಳ್ದೆ ಸಾರ್. ಅವ್ರೂ ಬೇಡ ಅಂದ್ರು. ನಿಮಗೆ ಹೇಳ್ಬೇಡ ಅಂದ್ರು."

ನನ್ನ ಎದೆ ತುಂಬಿ ಬಂತು. ಮುಂದಿನ ಭಾನುವಾರ ಸಂಜೆ ಮನೆ ಕಡೆ ಬರುತ್ತಿದ್ದೆವು. ಮಂಜು ಗುಡ್ಡದಿಂದ ಇಳಿಯುತ್ತಿತ್ತು, ಗಾಳಿ ಬರುತ್ತಿತ್ತು. ಸಿನಿಮಾದ ನಾಯಕನ ಮೃದು ದನಿಯಲ್ಲಿ ಕೇಳಿದೆ, "ಸೆನ್ಸರ್ ಯಾಕೆ ಬೇಡ ಅಂದೆ, ಸುನಂದಾ?"

"ಗಾಡಿ ಬಿಸಿ ಆದ್ರ ಸೆನ್ಸರಿಗೆ ತಿಳೀತದ" ಎಂದಳು ಅವಳು. "ನೀವು ಹಿಂಗ ನನ್ನ ಮಾರಿ ನೋಡ್ಕೋತ ನಮ್ಮೂರಿಗೆ ತಿರುಗೂ ಎಕ್ಸಿಟ್ ಬಿಟ್ಟು ಮುಂದ ಹೋಗೂದು ಅದಕ್ಕ ತಿಳೀತದೇನು?"

ಕನ್ನಡಿಯಲ್ಲಿ ನೋಡಿದೆ. ಡಬ್ಲಿನ್ನು ಆಗಲೇ ಹಿಂದೆ ಹೋಗಿತ್ತು.